ಒಂದೇ ಚಿತ್ರ, ಹಲವು ಲಿಪಿ: ಚಂದಮಾಮದ ನಾಗಿರೆಡ್ಡಿ

ಕನ್ನಡ ವೇಳೆಯಲ್ಲಿ ಆಡಿದ ಈ ಮಾತುಗಳನ್ನು ಅಚ್ಚಿನಲ್ಲೂ ಕೊಡಿ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಇಗೋ, ಇಲ್ಲಿವೆ.

ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಸ್ಮಶಾನದ ಕತ್ತಲಲ್ಲಿ ನಡೆಯುವ ವಿಕ್ರಮ. ಈ ಚಿತ್ರ ನಿಮಗೆ ನೆನಪಿದೆಯಲ್ಲವೇ? ಅದನ್ನು ಬರೆದ ಕಲಾವಿದ ಶಂಕರ್ 2020ರಲ್ಲಿ ತೀರಿಕೊಂಡರು. ಆ ಚಿತ್ರವನ್ನು ಡೊಂಬಿವಲಿಯ ನಮ್ಮ ಮನೆಯವರೆಗೆ ತಲುಪಿಸಿದವರು ಬಿ. ನಾಗಿರೆಡ್ಡಿ. ಇವತ್ತಿನ ಮಾತು ಅವರ ಬಗ್ಗೆ.

ನಾಗಿರೆಡ್ಡಿಯವರು ಹುಟ್ಟಿದ್ದು 1912ರ ಡಿಸೆಂಬರ್ 2ರಂದು, ಕಡಪ ಜಿಲ್ಲೆಯ ಪೊಟ್ಟಿಪಾಡು ಎಂಬ ಹಳ್ಳಿಯಲ್ಲಿ. ಮನೆಯವರದು ಈರುಳ್ಳಿ ರಫ್ತಿನ ವ್ಯಾಪಾರ. ಅಣ್ಣ ಬಿ.ಎನ್. ರೆಡ್ಡಿ ಸಿನಿಮಾ ನಿರ್ದೇಶಕರಾದರು, ತಮ್ಮ ಮದರಾಸಿನಲ್ಲಿ ಅಚ್ಚುಕೂಟ ನಡೆಸಿದರು. ಅಲ್ಲಿ ಜೊತೆಯಾದವರು ಚಕ್ರಪಾಣಿ, ಶರಶ್ಚಂದ್ರರ ಬಂಗಾಳಿ ಕಾದಂಬರಿಗಳನ್ನು ತೆಲುಗಿಗೆ ತಂದ ಲೇಖಕರು. ಇವರಿಬ್ಬರೂ ಸೇರಿ 1947ರ ಜುಲೈಯಲ್ಲಿ, ಸ್ವಾತಂತ್ರ್ಯ ಬರಲು ಇನ್ನೊಂದು ತಿಂಗಳಿದೆ ಎನ್ನುವಾಗ, ತೆಲುಗಿನಲ್ಲಿ ‘ಚಂದಮಾಮ’ವನ್ನೂ ತಮಿಳಿನಲ್ಲಿ ‘ಅಂಬುಲಿಮಾಮ’ವನ್ನೂ ಶುರುಮಾಡಿದರು. 1949ರಲ್ಲಿ ಕನ್ನಡ ಚಂದಮಾಮ ಬಂತು. 1952ರಲ್ಲಿ ಮರಾಠಿಯ ‘ಚಾಂದೋಬಾ’ ಬಂತು. ಕೊನೆಗೆ ಹತ್ತಕ್ಕೂ ಹೆಚ್ಚು ಭಾಷೆಗಳಾದವು.

ಇದರ ಗುಟ್ಟು ಅಚ್ಚುಕೂಟದಲ್ಲೇ ಇತ್ತು. ಬಣ್ಣದ ಚಿತ್ರ ಮುದ್ರಿಸುವುದು ಬಲು ದುಬಾರಿ. ಆದರೆ ಅದೇ ಚಿತ್ರ ಎಲ್ಲ ಭಾಷೆಗಳಿಗೂ ಆಗುತ್ತಿತ್ತು. ಬದಲಾಗಬೇಕಾದದ್ದು ಅಕ್ಷರ ಮಾತ್ರ. ಹೀಗೆ ಖರ್ಚು ಹಂಚಿಹೋದುದರಿಂದ ಒಂದೊಂದು ಭಾಷೆಯ ಮಗುವಿಗೂ ಒಳ್ಳೆಯ ಚಿತ್ರದ ಪುಸ್ತಕ ಕಡಿಮೆ ಬೆಲೆಗೆ ಸಿಕ್ಕಿತು. ಮಹಾಭಾರತದ ಮುಖಪುಟಗಳನ್ನು ಬರೆದ ಎಂ.ಟಿ.ವಿ. ಆಚಾರ್ಯರು ನಮ್ಮ ಕನ್ನಡದವರೇ.

ಸಿನಿಮಾದಲ್ಲೂ ಅವರದು ಇದೇ ದಾರಿ. ಅವರ ವಿಜಯಾ ಸಂಸ್ಥೆ ‘ಪಾತಾಳಭೈರವಿ’ (1951), ‘ಮಾಯಾಬಜಾರ್’ (1957) ತೆಗೆದದ್ದು ನಿಮಗೆ ಗೊತ್ತು. 1952ರ ತೆಲುಗು ‘ಪೆಳ್ಳಿ ಚೇಸಿ ಚೂಡು’ 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ, ರಾಜಕುಮಾರ್ ಮತ್ತು ಲೀಲಾವತಿಯವರೊಂದಿಗೆ ‘ಮದುವೆ ಮಾಡಿ ನೋಡು’ ಆಯಿತು. ಅದೇ ವರ್ಷ ತಮಿಳಿನಲ್ಲಿ ಎಂ.ಜಿ.ಆರ್. ಅವರ ‘ಎಂಗ ವೀಟ್ಟು ಪಿಳ್ಳೈ’ ಬಂತು. 1967ರಲ್ಲಿ ಅದೇ ಕಥೆ ನಮ್ಮ ಮುಂಬೈಯ ದಿಲೀಪ್ ಕುಮಾರರಿಗೆ ‘ರಾಮ್ ಔರ್ ಶ್ಯಾಮ್’ ಆಯಿತು. 1975ರ ಹಿಂದಿ ‘ಜೂಲಿ’ ಕೂಡ ಇವರದೇ. ಇದೆಲ್ಲ ಭಾಷಾಸೇವೆ ಎಂದು ಅವರನ್ನು ಪೀಠಕ್ಕೇರಿಸುವುದು ಬೇಡ. ಅವರು ವ್ಯಾಪಾರಸ್ಥರು. ಆದರೆ ಕನ್ನಡದವನಿಗೆ ಕನ್ನಡದಲ್ಲೇ ಕೊಟ್ಟರೆ ಕೊಳ್ಳುತ್ತಾನೆ ಎಂದು ನಂಬಿದ ವ್ಯಾಪಾರಸ್ಥರು. ಆ ನಂಬಿಕೆ ಈಗ ಎಷ್ಟು ಅಪರೂಪ, ನೀವೇ ಹೇಳಿ.

ಈಗ ನನ್ನ ಕಥೆ. ನಾನು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಅಪ್ಪ ತಿಂಗಳಿಗೊಮ್ಮೆ ಕೆಲಸ ಮುಗಿಸಿ ಮಾಟುಂಗಾದಲ್ಲಿ ಇಳಿದು ಕನ್ನಡ ಚಂದಮಾಮ ತರುತ್ತಿದ್ದರು. ಪಕ್ಕದ ಮನೆಯ ಹುಡುಗನಿಗೆ ಚಾಂದೋಬಾ ಬರುತ್ತಿತ್ತು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಒಂದೇ ಪುಟ ತೆರೆಯುತ್ತಿದ್ದೆವು. ಅದೇ ಬೇತಾಳ, ಅದೇ ಮರ. ಅವನು ಮರಾಠಿಯಲ್ಲಿ ಓದುವನು, ನಾನು ಕನ್ನಡದಲ್ಲಿ. ನನಗೆ ತಿಳಿಯದ ಕನ್ನಡ ಶಬ್ದದ ಅರ್ಥ ಎಷ್ಟೋ ಸಲ ಅವನ ಮರಾಠಿಯಿಂದ ಹೊಳೆದದ್ದುಂಟು. ನನಗೆ ಕನ್ನಡ ಓದಲು ಬಂದದ್ದು ಹೀಗೆ. ಮುಂದೆ ಬಿ.ಎ.ಗೆ ಕನ್ನಡ ತೆಗೆದುಕೊಂಡದ್ದೂ ಆ ಮೆಟ್ಟಿಲಿನ ಪುಣ್ಯವೇ.

1998ರಲ್ಲಿ ಕಾರ್ಮಿಕರ ವಿವಾದದಿಂದ ಚಂದಮಾಮ ನಿಂತಿತು. ಚಾಂದೋಬಾ ಕೂಡ ನಿಂತಿತು. ಒಂದು ವರ್ಷದ ಮೇಲೆ ಮತ್ತೆ ಶುರುವಾಯಿತು ನಿಜ. ಅಷ್ಟರಲ್ಲಿ ಅಪ್ಪನಿಗೆ ಮಾಟುಂಗಾದಲ್ಲಿ ಇಳಿಯುವ ಅಭ್ಯಾಸ ತಪ್ಪಿತ್ತು. ನನ್ನ ತಂಗಿಗೆ ಆಗ ಆರು ವರ್ಷ, ಅಕ್ಷರ ಕೂಡಿಸುವ ವಯಸ್ಸು. ಇವತ್ತು ಅವಳು ಸೊಗಸಾಗಿ ಕನ್ನಡ ಮಾತನಾಡುತ್ತಾಳೆ, ಈ ಕಾರ್ಯಕ್ರಮವನ್ನು ತಪ್ಪದೆ ಕೇಳುತ್ತಾಳೆ. ಆದರೆ ಈ ಪುಟವನ್ನು ಅವಳಿಗೆ ನಾನೇ ಓದಿ ಹೇಳಬೇಕು. ತಪ್ಪು ಚಂದಮಾಮದ್ದಲ್ಲ. ಹಳೆಯ ಸಂಚಿಕೆಗಳು ಮಂಚದ ಕೆಳಗೇ ಇದ್ದವು. ನಾನು ಅವಳ ಪಕ್ಕ ಕೂರಲಿಲ್ಲ, ಅಷ್ಟೇ.

ನಾಗಿರೆಡ್ಡಿಯವರಿಗೆ 1986ರ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು. ಅಣ್ಣನಿಗೆ 1974ರ ಸಾಲಿನದು ಬಂದಿತ್ತು. 2004ರ ಫೆಬ್ರುವರಿ 25ರಂದು ತಮ್ಮ ತೀರಿಕೊಂಡರು. 2007ರಲ್ಲಿ ಚಂದಮಾಮ ನಮ್ಮದೇ ಮುಂಬೈಯ ಒಂದು ಸಾಫ್ಟ್‌ವೇರ್ ಕಂಪನಿಯ ಕೈಗೆ ಬಂತು. 2013ರಲ್ಲಿ ನಿಂತೇಹೋಯಿತು. ಮದರಾಸಿನಿಂದ ಅರವತ್ತು ವರ್ಷ ಊರೂರಿಗೆ ಹೋದ ಪತ್ರಿಕೆ ನಮ್ಮ ಊರಿಗೆ ಬಂದು ಕಣ್ಣುಮುಚ್ಚಿತು.

ನಿಮ್ಮ ಅಟ್ಟದಲ್ಲಿ, ಊರಿನ ಪೆಟ್ಟಿಗೆಯಲ್ಲಿ ಒಂದಾದರೂ ಹಳೆಯ ಸಂಚಿಕೆ ಇರಬಹುದು. ಹುಡುಕಿ ನೋಡಿ. ಮಗುವಿಗೆ ಮೊದಲು ಚಿತ್ರ ತೋರಿಸಿ, ಆಮೇಲೆ ಅದರ ಕೆಳಗಿನ ಸಾಲಿನ ಮೇಲೆ ಬೆರಳಿಡಿ. ಹತ್ತೇ ನಿಮಿಷ ಸಾಕು. ನಾನು ಕೂಡ ತಂಗಿಯ ಮಗನೊಂದಿಗೆ ಶುರುಮಾಡಿದ್ದೇನೆ. ಕಳೆದ ಭಾನುವಾರ ಅವನ ಅಮ್ಮನೂ ಬಂದು ಪಕ್ಕದಲ್ಲಿ ಕೂತಳು.