ಹೊಳಪಿಗೆ ಮರುಳಾಗದೆ ಅಳತೆ ಕೇಳೋಣ
(ನಾಗಪುರದ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಕುಕ್ಕರಿನ ಮುಚ್ಚಳ ಸರಿಯಾಗಿ ಕೂಡದಿದ್ದರೆ ಬೇಳೆ ಬೇಯುವುದಿಲ್ಲ. ಇದನ್ನು ಅಡಿಗೆಮನೆಯ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಂಜಿನ್ನಿಗೂ ಅಂಥ ಮುಚ್ಚಳವೊಂದುಂಟು. ಅದಕ್ಕೆ ಸಿಲಿಂಡರ್ ಹೆಡ್ ಎನ್ನುತ್ತಾರೆ. ಅದರ ತಳ ಸಮತಟ್ಟಾಗಿರಬೇಕು, ವಾಲ್ವುಗಳು ತಮ್ಮ ಸೀಟಿನಲ್ಲಿ ಬಿಗಿಯಾಗಿ ಕೂಡಬೇಕು. ಇಲ್ಲವಾದರೆ ಹಬೆಯಂತೆ ಶಕ್ತಿಯೆಲ್ಲ ಸೋರಿ ಹೋಗುತ್ತದೆ.

ಹೋಟೆಲಿನಲ್ಲಿ ದುಡಿಯುವ ನಾವು ನಾಲ್ವರು ಪಾಲು ಹಾಕಿ ಹಳೆಯ ಟೆಂಪೋ ಒಂದನ್ನು ಕೊಂಡಿದ್ದೆವು. ಕಾಟನ್ ಮಾರ್ಕೆಟ್ಟಿನಿಂದ ತರಕಾರಿ ಸಾಗಿಸುವುದೇ ಅದರ ಕೆಲಸ. ಮೇ ತಿಂಗಳ ಬಿಸಿಲಲ್ಲಿ ನೀರಿನ ಪೈಪು ಒಡೆದು ಎಂಜಿನ್ ಕಾದಿತು, ಹೆಡ್ ಬಾಗಿತು. ಒಂದು ಮೆಷಿನ್ ಶಾಪಿಗೆ ಕೊಟ್ಟೆವು. ಸಂಜೆಯೊಳಗೆ ಕನ್ನಡಿಯಂತೆ ಹೊಳೆಯುತ್ತ ಬಂತು. ಎಂಟೇ ದಿನ, ಎಣ್ಣೆಯಲ್ಲಿ ನೀರು ಬೆರೆತು ಹಾಲು ಹಾಕಿದ ಚಹದ ಬಣ್ಣಕ್ಕೆ ತಿರುಗಿತು. ಕೇಳಲು ಹೋದರೆ, "ನಿಮ್ಮ ಮೆಕ್ಯಾನಿಕ್ ಬೋಲ್ಟು ಬಿಗಿದದ್ದು ಸರಿಯಿಲ್ಲ" ಎಂದರು. ಕೊಟ್ಟ ಬಿಲ್ಲಿನಲ್ಲಿ "ಹೆಡ್ ಕೆಲಸ" ಎಂಬ ಎರಡೇ ಪದ. ಬೇರೊಬ್ಬ ಮಿಸ್ತ್ರಿ ಹೆಡ್ ಬಿಚ್ಚಿ ನೇರಪಟ್ಟಿ ಇಟ್ಟು ನೋಡಿದರೆ ನಡುವೆ ಬೆಳಕು ಕಾಣುತ್ತಿತ್ತು!

ಜಗಳಕ್ಕೆಂದು ಹೋದ ನಮಗೆ ಆ ಶಾಪಿನ ಹುಡುಗನನ್ನು ಕಂಡು ನಾಲಿಗೆ ಏಳಲಿಲ್ಲ. ಅವನಿಗೆ ಹೆಡ್ಡಿನ ಲೆಕ್ಕದಲ್ಲಿ ಕೂಲಿ. ಕಲ್ಲು ಸವೆದಿದೆ, ಕೈಗೆ ಗೇಜು ಕೊಟ್ಟಿಲ್ಲ. ಅಳೆಯಲು ನಿಂತರೆ ಅಂದಿನ ಊಟಕ್ಕೆ ಕತ್ತರಿ. ಗಡಿಬಿಡಿಯಲ್ಲಿ ರುಬ್ಬಿಸಿ, ಇಡ್ಲಿ ಗಟ್ಟಿಯಾದಾಗ ರುಬ್ಬಿದವನನ್ನೇ ಬೈಯುವ ಧಣಿಗಳನ್ನು ನಾವು ನೋಡಿಲ್ಲವೇ?

ಇದೇ ನಾಗಪುರದ ಹಳೆಯ ಸಂಗತಿಯೊಂದುಂಟು. ಜಮ್‌ಸೇಟ್‌ಜಿ ಟಾಟಾ ಅವರ ಎಂಪ್ರೆಸ್ ಮಿಲ್ 1877ರ ಜನವರಿ 1ರಂದು ಆರಂಭವಾಯಿತು. ಮೊದಲು ತರಿಸಿದ ಯಂತ್ರಗಳು ಅಗ್ಗದವು. ಮಾಲು ನಿರಾಶೆ ತಂದಿತು. ಕೊನೆಗೆ ಯಂತ್ರಗಳನ್ನೇ ಬದಲಿಸಬೇಕಾಯಿತು. ಆ ಗಿರಣಿ ಇಂದು ನಡೆಯುತ್ತಿಲ್ಲ, ಪಾಠ ಮಾತ್ರ ಉಳಿದಿದೆ: ಒಳ್ಳೆಯ ಕೆಲಸಕ್ಕೆ ಒಳ್ಳೆಯ ಉಪಕರಣವೂ, ಸಾಕಷ್ಟು ಸಮಯವೂ, ಹೊಟ್ಟೆ ತುಂಬುವ ಕೂಲಿಯೂ ಬೇಕು.

ಹಾಗೆಂದು ನಮ್ಮ ಬೆವರಿನ ಹಣವನ್ನು ಬಿಟ್ಟುಕೊಡಬೇಕೇ? ಬೇಡ. ಆಟೋ, ಟೆಂಪೋ ಇಟ್ಟುಕೊಂಡ ಬಂಧುಗಳು ಈ ಮಾತುಗಳನ್ನು ಗಂಟು ಹಾಕಿಕೊಳ್ಳಿರಿ.

ಮೊದಲನೆಯದು, ತಳ ಉಜ್ಜುವ ಮುಂಚೆ ಬಿರುಕು ನೋಡಿಸಿರಿ. ನೀರಿನ ದಾರಿಗಳನ್ನು ಮುಚ್ಚಿ ಗಾಳಿ ತುಂಬಿ ಬಿಸಿನೀರಿನಲ್ಲಿ ಮುಳುಗಿಸಿದರೆ, ಸೈಕಲ್ ಟ್ಯೂಬಿನ ಪಂಕ್ಚರಿನಂತೆ ಗುಳ್ಳೆ ಏಳುತ್ತದೆ.

ಎರಡನೆಯದು, ನೇರಪಟ್ಟಿಯನ್ನು ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಇಡಿಸಿ, ಫೀಲರ್ ಗೇಜಿನಿಂದ ಅಳೆಯಿಸಿರಿ. ಸಣ್ಣ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 0.05ರಿಂದ 0.1 ಮಿಲಿಮೀಟರ್ ಒಳಗಿರಬೇಕು. ಎಂದರೆ ಸುಮಾರು ಒಂದು ಕೂದಲೆಳೆ! ಸರಿಯಾದ ಅಂಕಿ ಎಂಜಿನ್ನಿನ ಕೈಪಿಡಿಯಲ್ಲಿರುತ್ತದೆ.

ಮೂರನೆಯದು, ವಾಲ್ವು ಕೂಡಿಸಿದ ಮೇಲೆ ಪೋರ್ಟಿನೊಳಗೆ ಸೀಮೆಎಣ್ಣೆ ಹೊಯ್ಯಿಸಿರಿ. ಸೀಟಿನ ಅಂಚಿನಿಂದ ಜಿನುಗಕೂಡದು.

ನಾಲ್ಕನೆಯದು, ಬೋಲ್ಟುಗಳನ್ನು ಕೈಪಿಡಿ ಹೇಳಿದ ಕ್ರಮದಲ್ಲಿ, ಹೆಚ್ಚಾಗಿ ನಡುವಿನಿಂದ ಹೊರಕ್ಕೆ, ಹಂತಹಂತವಾಗಿ ಟಾರ್ಕ್ ಪಾನಾದಿಂದ ಬಿಗಿಯಿಸಿರಿ.

ಕೊನೆಯದಾಗಿ, ಮಾಡಿದ ಕೆಲಸ, ಬಂದ ಅಳತೆ, ತಾರೀಖು, ಇವೆಲ್ಲ ಬಿಲ್ಲಿನಲ್ಲಿ ಬರಬೇಕು. 2019ರ ಗ್ರಾಹಕ ರಕ್ಷಣಾ ಕಾಯಿದೆಯಂತೆ ಸೇವೆಯ ಕೊರತೆಗೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅಲ್ಲಿ ನಮ್ಮ ಪರವಾಗಿ ಮಾತಾಡುವುದು ಆ ಕಾಗದವೇ.

ಬಂಧುಗಳೇ, ಹೀಗೆ ಅಳತೆ ಕೇಳುವವರು ಹೆಚ್ಚಿದರೆ ಮಾಲೀಕನು ಗೇಜು ತರಲೇಬೇಕು, ಹುಡುಗನಿಗೆ ಅಳೆಯುವಷ್ಟು ಹೊತ್ತು ಕೊಡಲೇಬೇಕು. ಆ ಹೊತ್ತಿಗೂ ಕೂಲಿ ಸಲ್ಲಬೇಕೆಂದು ಅವನು ಕೇಳುವ ದಿನ ನಾವು ಅವನ ಬದಿಗೆ ನಿಲ್ಲೋಣ. ಅದಕ್ಕಾಗಿ ಬಿಲ್ಲಿನಲ್ಲಿ ನಾಲ್ಕು ಕಾಸು ಹೆಚ್ಚಾದರೆ ಗೊಣಗದೆ ಕೊಡೋಣ. ದುಡಿಯುವವನ ಕೆಲಸಕ್ಕೆ ದುಡಿಯುವವನೇ ಬೆಲೆ ಕಟ್ಟದಿದ್ದರೆ ಇನ್ನಾರು ಕಟ್ಟಿಯಾರು?