ಬೇರಿಂಗ್ ಬದಲಿಸಿದರೆ ಸಾಲದು, ಬೇನೆ ಹುಡುಕಿ

(ಕಾರ್ಕಳ ಕಡೆಯ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಲೆಯ ಬಗ್ಗೆ, ಸಾಲದ ಬಗ್ಗೆ ಮಾತಾಡುವ ಸಭೆಯಲ್ಲಿ ಇವ ಗಾಡಿ ಚಕ್ರದ ಸುದ್ದಿ ತೆಗೆದನಲ್ಲ ಎಂದು ನೀವು ನಗಬಹುದು. ನಗಿ. ಆದರೆ ಮೊದಲು ಒಂದು ಲೆಕ್ಕ ಕೇಳಿ.

ಎತ್ತಿನ ಗಾಡಿ ಹೋದ ಜಾಗಕ್ಕೆ ನಮ್ಮಲ್ಲಿ ಪಿಕಪ್ ಬಂತು. ತೆಂಗಿನಕಾಯಿ, ಅಡಿಕೆ, ಮಟ್ಟುಗುಳ್ಳ, ಹಟ್ಟಿಗೊಬ್ಬರ, ಹಿಂಡಿ ಚೀಲ, ಎಲ್ಲವೂ ಅದರಲ್ಲೇ. ಹೆಚ್ಚಿನವು ಸಾಲದ ಗಾಡಿಗಳು. ಮುಂದಿನ ಚಕ್ರದ ಬೇರಿಂಗ್ ವರ್ಷಕ್ಕೆ ನಾಲ್ಕು ಸಲ ಹೋಯಿತು ಅಂತ ಇಟ್ಟುಕೊಳ್ಳಿ. ಸಾಮಾನು, ಗ್ರೀಸ್, ಕೂಲಿ ಸೇರಿ ಒಂದು ಸಲಕ್ಕೆ 3,000 ರೂಪಾಯಿ. ಗಾಡಿ ಎರಡು ದಿನ ಗ್ಯಾರೇಜಿನಲ್ಲಿ. ಆ ಎರಡು ದಿನ ಬಾಡಿಗೆ ಗಾಡಿಗೆ ದಿನಕ್ಕೆ 2,000. ಅಲ್ಲಿಗೆ 7,000 ಆಯಿತು. ನಾಲ್ಕು ಸಲಕ್ಕೆ 28,000! ಕಂತು ಮಾತ್ರ ನಿಲ್ಲುವುದಿಲ್ಲ, ಅದು ತಾರೀಕಿಗೆ ಸರಿಯಾಗಿ ಬರ್ತದೆ. ಅಡಿಕೆಗೆ ಕಿಲೋಗೆ ಎರಡು ರೂಪಾಯಿ ಕಡಿಮೆಯಾದರೆ ನಾವು ಬೊಬ್ಬೆ ಹಾಕ್ತೇವೆ. ಈ ದುಡ್ಡು ಸದ್ದಿಲ್ಲದೆ ಸೋರಿಹೋಗ್ತದೆ.

ಇದು ಬಡ್ಡಿ ಮಾತ್ರ ಕಟ್ಟುತ್ತ ಹೋಗುವ ಸಾಲದ ಹಾಗೆ. ಬೇರಿಂಗ್ ಬದಲಿಸಿದ್ದು ಬಡ್ಡಿ. ಅದು ಯಾಕೆ ಹೋಯಿತು ಎಂಬುದು ಅಸಲು. ಅಸಲಿಗೆ ಕೈ ಹಾಕದೆ ಯಾವ ಸಾಲವೂ ತೀರುವುದಿಲ್ಲ.

ಗ್ಯಾರೇಜಿನಲ್ಲಿ ಕೇಳಿದರೆ ಉತ್ತರ ಒಂದೇ: "ಶೆಟ್ರೇ, ಈಗಿನ ಸಾಮಾನೇ ಹೀಗೆ, ಬಾಳಿಕೆ ಇಲ್ಲ." ಇರಬಹುದು. ಆದರೆ ಬಲಗಡೆಯ ಬೇರಿಂಗ್ ಗಟ್ಟಿಯಾಗಿದ್ದು, ಅದೇ ಕಂಪೆನಿಯ ಎಡಗಡೆಯದ್ದು ಮಾತ್ರ ಮೂರು ಸಲ ಹೋದರೆ ಸಾಮಾನನ್ನು ದೂರಿ ಫಲವೇನು? ಬೇನೆ ಆ ಚಕ್ರದಲ್ಲಿ ಉಂಟು.

ಇದರ ರಚನೆ ಸರಳ. ಹೆಚ್ಚಿನ ಪಿಕಪ್ಪುಗಳ ಮುಂದಿನ ಹಬ್ಬಿನಲ್ಲಿ ಎರಡು ಬೇರಿಂಗ್: ಒಳಗಡೆ ದೊಡ್ಡದು, ಹೊರಗಡೆ ಚಿಕ್ಕದು. ರೋಲರುಗಳು ಒಂದು ತುದಿ ದಪ್ಪ, ಒಂದು ತುದಿ ಸಪೂರ. ಅಮೆರಿಕದಲ್ಲಿ ಕುದುರೆ ಗಾಡಿ ಮಾಡುತ್ತಿದ್ದ ಹೆನ್ರಿ ಟಿಮ್ಕೆನ್ 1898ರಲ್ಲಿ ಇಂಥ ಬೇರಿಂಗಿಗೆ ಪೇಟೆಂಟ್ ಪಡೆದರು. ಗಾಡಿ ತಿರುವಿನಲ್ಲಿ ತಿರುಗುವಾಗ ಚಕ್ರಕ್ಕೆ ಅಡ್ಡಕ್ಕೆ ಬೀಳುವ ಒತ್ತಡವನ್ನೂ ಇದು ತಡೆಯುತ್ತದೆ. ರೋಲರು ಇರುವ ಭಾಗಕ್ಕೆ ಕೋನ್ ಅಂತಾರೆ, ಹಬ್ಬಿನೊಳಗೆ ಬಿಗಿಯಾಗಿ ಕೂರುವ ಬಳೆಗೆ ಕಪ್ ಅಂತಾರೆ. ಹಿಂದೆ ನೀರು, ಕೆಸರು ಬಾರದಂತೆ ಆಯಿಲ್ ಸೀಲ್. ಮುಂದೆ ನಟ್, ಅದಕ್ಕೊಂದು ಸ್ಪ್ಲಿಟ್ ಪಿನ್. ನಮ್ಮ ಎತ್ತಿನ ಗಾಡಿಯ ಕೀಲೆಣ್ಣೆಯ ಜಾಗದಲ್ಲಿ ಗ್ರೀಸ್, ಕಡಾಣಿಯ ಜಾಗದಲ್ಲಿ ಈ ಪಿನ್, ಅಷ್ಟೇ ವ್ಯತ್ಯಾಸ. ಕೆಲವು ಗಾಡಿಗಳಲ್ಲಿ ಬಿಚ್ಚಲಾಗದ ಸೀಲ್ಡ್ ಬೇರಿಂಗ್ ಇರ್ತದೆ. ಅದಕ್ಕೆ ಗ್ರೀಸ್ ಹಾಕುವ ಪ್ರಶ್ನೆಯೇ ಇಲ್ಲ.

ನಾನು ಹೇಳುವ ಮುಖ್ಯ ಸಂಗತಿ ಇದು: ಹಳೆ ಬೇರಿಂಗನ್ನು ಗುಜರಿಗೆ ಎಸೆಯಬೇಡಿ. ಕೇಳಿ ತೆಗೆದುಕೊಳ್ಳಿ, ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆದು ಬೆಳಕಿಗೆ ಹಿಡಿದು ನೋಡಿ. ತೊಳೆಯುವ ಮೊದಲು ಗ್ರೀಸನ್ನೂ ನೋಡಿ. ಅದು ಸಾಕ್ಷಿ ಹೇಳ್ತದೆ.

ಗ್ರೀಸ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿ, ರೋಲರಿನಲ್ಲಿ ತುಕ್ಕಿನ ಗುಳಿ ಇದ್ದರೆ ನೀರು ಹೋಗಿದೆ. ಲೋಹ ನೀಲಿಗಟ್ಟಿದರೆ ವಿಪರೀತ ಕಾದಿದೆ. ನಟ್ ಅತಿಯಾಗಿ ಬಿಗಿದಿರಬೇಕು, ಗ್ರೀಸ್ ಇಲ್ಲದಿರಬೇಕು, ಇಲ್ಲವೇ ಬ್ರೇಕ್ ಹಿಡಿದುಕೊಂಡಿರಬೇಕು. ಕಪ್ಪಿನ ಮೇಲೆ ರೋಲರಿನಷ್ಟೇ ಅಂತರದಲ್ಲಿ ಗೆರೆ ಗೆರೆ ತಗ್ಗು ಬಿದ್ದಿದ್ದರೆ ಸುತ್ತಿಗೆ ಪೆಟ್ಟು, ಅಥವಾ ಗುಂಡಿಗೆ ಬಿದ್ದ ಭಾರೀ ಪೆಟ್ಟು. ಕಪ್ಪಿನ ಒಂದೇ ಭಾಗ ಚಕ್ಕೆ ಎದ್ದಿದ್ದರೆ ಕಪ್ ಓರೆಯಾಗಿ ಕೂತಿರಬಹುದು, ಅಚ್ಚು ಬಾಗಿರಬಹುದು, ಭಾರ ಹೆಚ್ಚಾಗಿರಬಹುದು. ಕಪ್ಪಿನ ಸುತ್ತ ಒತ್ತೊತ್ತಾಗಿ ಸಣ್ಣ ಅಡ್ಡಗೆರೆಗಳಿದ್ದರೆ ಅದರೊಳಗೆ ಕರೆಂಟ್ ಹರಿದಿರುವ ಸಂಶಯ. ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಅರ್ತಿಂಗ್ ಕ್ಲಿಪ್ಪನ್ನು ದೂರದಲ್ಲೆಲ್ಲೋ ಸಿಕ್ಕಿಸಬಾರದು, ಬೆಸೆಯುವ ಜಾಗದ ಹತ್ತಿರವೇ ಸಿಕ್ಕಿಸಲಿಕ್ಕೆ ಹೇಳಿ.

ನಮ್ಮ ಜಿಲ್ಲೆಯಲ್ಲಿ ಮೊದಲ ವೈರಿ ನೀರು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಕಾರ್ಕಳದಿಂದ ಓಡಿಬಂದ ಗಾಡಿಯ ಹಬ್ ಬಿಸಿಯಾಗಿರ್ತದೆ. ಅದೇ ಬಿಸಿಯಲ್ಲಿ ಬೈಲಿನ ತೋಡಿಗೆ ಇಳಿಸಿದರೆ ಹಬ್ ತಣಿದು, ಒಳಗಿನ ಗಾಳಿ ಕುಗ್ಗಿ, ಹಳೆ ಸೀಲಿನ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ತದೆ. ಮಲ್ಪೆಯಿಂದ ಮೀನು ಹೇರುವ ಗಾಡಿಗೆ ಉಪ್ಪುನೀರಿನ ಕಾಟ ಬೇರೆ. ಸರ್ವಿಸ್ ಸ್ಟೇಷನ್ನಿನಲ್ಲಿ ಹಬ್ಬಿಗೇ ನೀರಿನ ಜೆಟ್ ಹೊಡೆಸುವವರೂ ಇದ್ದಾರೆ, ಅದನ್ನು ಬಿಡಿ. ಎಡಗಡೆಯದ್ದೇ ಹೋಗುತ್ತಿದ್ದರೆ ನಿಮ್ಮ ದಾರಿಯನ್ನು ನೆನಪು ಮಾಡಿ: ಎದುರಿನ ಬಸ್ಸಿಗೆ ದಾರಿ ಬಿಡುವಾಗ ಡಾಮರಿನ ಅಂಚಿನಿಂದ ಕೆಸರಿಗೆ ದಡಕ್ಕನೆ ಇಳಿಯುವುದು ಎಡಚಕ್ರವೇ. ಎರಡೂ ಕಡೆ ಹೋಗುತ್ತಿದ್ದರೆ ಗ್ರೀಸ್, ಕೂರಿಸುವ ಕ್ರಮ, ಹೊರಕ್ಕೆ ಚಾಚಿದ ಅಗಲ ಚಕ್ರ, ಇವನ್ನು ಸಂಶಯಿಸಿ. ಚೆಂದಕ್ಕೆ ಹಾಕಿದ ಅಗಲದ ಡಿಸ್ಕ್ ಭಾರವನ್ನು ಹೊರಗಡೆಗೆ ಎಳೆದು ಬೇರಿಂಗಿನ ಮೇಲೆ ಸನ್ನೆಕೋಲು ಹಾಕಿದ ಹಾಗೆ ಮಾಡ್ತದೆ.

ಎರಡನೆಯ ವೈರಿ ಅವಸರದ ಕೆಲಸ. ಕೋನ್ ಹೊಸದು, ಕಪ್ ಹಳೆಯದು ಅಂತ ಬೆರೆಸಬಾರದು, ಎರಡೂ ಒಟ್ಟಿಗೆ ಬದಲಾಗಬೇಕು. ಸೀಲ್ ಪ್ರತಿ ಸಲವೂ ಹೊಸದು. ಹಳೆ ಗ್ರೀಸನ್ನು ಪೂರ್ತಿ ತೊಳೆದು, ಒಂದೇ ಜಾತಿಯ ವೀಲ್ ಬೇರಿಂಗ್ ಗ್ರೀಸನ್ನು ರೋಲರುಗಳ ಸಂದಿಗೆ ಅಂಗೈಯಿಂದ ತುಂಬಬೇಕು. ಮೇಲೆ ಸವರಿದರೆ ಪ್ರಯೋಜನ ಇಲ್ಲ. ಕಪ್ಪನ್ನು ಪ್ರೆಸ್ಸಿನಲ್ಲಿ ಕೂರಿಸಬೇಕು, ಸುತ್ತಿಗೆಯಿಂದ ಅದರ ಮುಖಕ್ಕೇ ಬಡಿಯಬಾರದು. ಹಬ್ಬಿನಲ್ಲಿ ಕಪ್ ಕೈಯಲ್ಲೇ ತಿರುಗುವಷ್ಟು ಸಡಿಲವಾಗಿದ್ದರೆ ಕೆಲವರು ಪಂಚಿನಿಂದ ಚುಕ್ಕಿ ಹೊಡೆದು ಬಿಗಿ ಮಾಡಿಕೊಡ್ತಾರೆ. ಅದು ತಿಂಗಳ ಉಪಾಯ. ಹಬ್ಬೇ ಬದಲಾಗಬೇಕು. ಅಚ್ಚು ಸವೆದಿದ್ದರೆ ಅಚ್ಚೂ ಬದಲಾಗಬೇಕು. ಆ ಖರ್ಚು ಒಮ್ಮೆ ನೋಯಿಸ್ತದೆ, ಈ ಖರ್ಚು ಪ್ರತಿ ಮಳೆಗಾಲ ನೋಯಿಸ್ತದೆ. ಕೊನೆಗೆ ನಟ್: ಚಕ್ರ ತಿರುಗಿಸುತ್ತ ಬಿಗಿದು ಬೇರಿಂಗ್ ಕೂತ ಮೇಲೆ, ಆಯಾ ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟು ಹಿಂದಕ್ಕೆ ಬಿಡಬೇಕು. "ಬಲ ಹಾಕಿ ಬಿಗಿದಿದ್ದೇನೆ, ಹೆದರಬೇಡಿ" ಅಂದರೆ ಹೆದರಬೇಕು ಮಾರಾಯ್ರೆ!

ಮೂರನೆಯದು ಭಾರ. ಪಿಕಪ್ಪಿನ ಹೊರೆ ಹೆಚ್ಚಾಗಿ ಹಿಂದಿನ ಚಕ್ರಕ್ಕೆ ಬೀಳ್ತದೆ, ನಿಜ. ಆದರೆ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಭಾರ ಮುಂದಕ್ಕೆ ಬರ್ತದೆ. ತಿರುವಿನಲ್ಲಿ ಹೊರಗಡೆಯ ಚಕ್ರಕ್ಕೆ ಬರ್ತದೆ. ಎಂಜಿನಿಯರರ ಲೆಕ್ಕದ ಪ್ರಕಾರ ರೋಲರ್ ಬೇರಿಂಗಿನ ಮೇಲೆ ಭಾರ ಕಾಲುಪಾಲು ಹೆಚ್ಚಾದರೆ ಅದರ ಆಯುಷ್ಯ ಅರ್ಧಕ್ಕಿಂತ ಕಡಿಮೆಯಾಗ್ತದೆ. ಎರಡು ಪಟ್ಟಾದರೆ ಹತ್ತರಲ್ಲಿ ಒಂದು ಪಾಲು ಮಾತ್ರ. ಒಂದು ಟ್ರಿಪ್ ಉಳಿಸಲಿಕ್ಕೆ ಕೆಂಪುಕಲ್ಲನ್ನು ಅಟ್ಟಿ ಹೇರುವವರು ಇದನ್ನು ನೆನಪಿಡಿ. 2019ರ ತಿದ್ದುಪಡಿಯ ಮೇಲೆ ಹೆಚ್ಚುವರಿ ಭಾರಕ್ಕೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಾದ ಪ್ರತಿ ಟನ್ನಿಗೆ 2,000.

ದುಡ್ಡಿಗಿಂತ ದೊಡ್ಡ ಮಾತು ಜೀವ. ಬೇರಿಂಗ್ ಪೂರ್ತಿ ಹೋದರೆ ಓಡುವ ಗಾಡಿಯಿಂದ ಚಕ್ರ ಕಳಚಬಹುದು. ಮುಂದೆ ಮಗ ಕೂತಿರ್ತಾನೆ, ಹಿಂದೆ ಕೆಲಸದವರು ಇರ್ತಾರೆ, ರಸ್ತೆಯಲ್ಲಿ ಶಾಲೆ ಮಕ್ಕಳು ಇರ್ತಾರೆ. ಗುಂಯ್ ಅಂತ ಸದ್ದು ಬಂದು ತಿರುವಿನಲ್ಲಿ ಹೆಚ್ಚು ಕಡಿಮೆ ಆದರೆ, ಸ್ಟೇರಿಂಗ್ ಅಲುಗಿದರೆ, ಕೂಡಲೇ ನೋಡಿಸಿ. ಗಾಡಿ ಜಾಕ್ ಎತ್ತಿ, ಭದ್ರ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ ಇದ್ದರೆ ಇನ್ನೊಬ್ಬರು ಬ್ರೇಕ್ ಒತ್ತಲಿ. ಆಟ ನಿಂತರೆ ಸಂಶಯ ಬೇರಿಂಗಿನ ಮೇಲೆ, ನಿಲ್ಲದಿದ್ದರೆ ಬಾಲ್ ಜಾಯಿಂಟ್, ಕಿಂಗ್ ಪಿನ್ ನೋಡಿಸಿ. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಮೇಲೆ ಎರಡೂ ಹಬ್ಬುಗಳ ಹತ್ತಿರ ಕೈಯ ಹಿಂಬದಿ ಹಿಡಿದು ನೋಡಿ. ಒಂದು ಹೆಚ್ಚು ಕಾದಿದ್ದರೆ ಅದು ಮುನ್ಸೂಚನೆ.

ಇನ್ನು ಅಂಗಡಿ. ಪೆಟ್ಟಿಗೆ ಹೊಳೆದರೆ ಒಳಗಿನ ಸಾಮಾನು ಅಸಲಿ ಆಗುವುದಿಲ್ಲ. ಬಿಲ್ ಇಲ್ಲದೆ ಬೇರಿಂಗ್ ಕೊಳ್ಳಬೇಡಿ, ಬಿಲ್ಲಿನಲ್ಲಿ ಕಂಪೆನಿ ಹೆಸರೂ ಸಾಮಾನಿನ ನಂಬರೂ ಬರೆಸಿ. ನಕಲಿ ಸಿಕ್ಕಿತೋ, ವಾರಂಟಿ ಇದ್ದೂ ಕೈಚೆಲ್ಲಿದರೋ, ಜಿಲ್ಲಾ ಗ್ರಾಹಕ ಆಯೋಗ ಉಂಟು. "ನಿಮ್ಮದು ಕಮರ್ಷಿಯಲ್ ಗಾಡಿ, ನೀವು ಗ್ರಾಹಕರಲ್ಲ" ಅಂತ ಬಾಯಿ ಮುಚ್ಚಿಸಲಿಕ್ಕೆ ಬರಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಬರೆದುಂಟು: ಸ್ವಂತ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಮಾತ್ರ ಕೊಂಡು ತಾನೇ ಬಳಸುವುದು ವಾಣಿಜ್ಯ ಉದ್ದೇಶ ಅಲ್ಲ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ದೂರು ಎರಡು ವರ್ಷದೊಳಗೆ ಹೋಗಬೇಕು. ಆದರೆ ಆ ದಿನ ಕೈಯಲ್ಲಿ ಬಿಲ್ಲೂ ಹಳೆ ಬೇರಿಂಗೂ ಬೇಕು. ಬರಿಗೈಯಲ್ಲಿ ಹೋದರೆ ನ್ಯಾಯಕ್ಕೆ ಸಾಕ್ಷಿ ಎಲ್ಲಿಂದ ತರೋಣ?

ಹೊಸ ಹಬ್ಬಿಗೆ, ಅಚ್ಚಿಗೆ ದುಡ್ಡು ಎಲ್ಲಿಂದ ಎಂದು ಕೇಳ್ತೀರಿ. 1928ರಲ್ಲಿ ಪಿಗ್ಮಿ ಠೇವಣಿ ಹುಟ್ಟಿದ್ದು ನಮ್ಮ ಈ ನೆಲದಲ್ಲೇ. ಮುಂದೆ ಮಣಿಪಾಲದಲ್ಲಿ ನೆಲೆ ನಿಂತ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಲ್ಲಿ ಕೂಡಿಸಿತು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಆದರೆ ಪಾಠ ಉಳಿದಿದೆ. ಗಾಡಿ ಓಡಿದ ದಿನ ಐವತ್ತು ರೂಪಾಯಿ ಗಾಡಿಯ ಹೆಸರಿನಲ್ಲೇ ಬೇರೆ ಇಡಿ. ಆಗ ರಿಪೇರಿಗೆ ಕೈಸಾಲ ಬೇಡ.

ಮಳೆಗಾಲದ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಹಬ್ ಬಿಚ್ಚಿಸಿ ನೋಡಿ. ಬಿಚ್ಚುವಾಗ ನೀವು ಪಕ್ಕದಲ್ಲೇ ನಿಲ್ಲಿ. ಯಾವ ತಾರೀಕು, ಎಷ್ಟು ಕಿಲೋಮೀಟರ್, ಯಾವ ಕಡೆ, ಯಾವ ಗುರುತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಮೂರನೆಯ ಸಲ ಬೇರಿಂಗ್ ಹೋದಾಗ ಆ ಪುಸ್ತಕವೇ ಮೆಕ್ಯಾನಿಕ್ಕಿಗೆ ದಾರಿ ತೋರಿಸ್ತದೆ. ನಮ್ಮ ಬೆಳೆಗೆ ಬೆಲೆ ಕಟ್ಟುವುದು ನಮ್ಮ ಕೈಯಲ್ಲಿ ಇಲ್ಲ, ಅದಕ್ಕೆ ಹೋರಾಟ ಬೇಕು. ಈ ಸೋರಿಕೆ ಕಟ್ಟುವುದು ನಮ್ಮ ಕೈಯಲ್ಲೇ ಉಂಟು, ಅದನ್ನು ಈ ಮಳೆಗಾಲದ ಮೊದಲೇ ಕಟ್ಟೋಣ.