ಶಾಲೆ ಆರಿಸುವ ಹಕ್ಕು ಯಾರ ಕೈಯಲ್ಲಿದೆ?

(ಮಲ್ಲಿಪಟ್ಟಣದಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಮೇ ತಿಂಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಒಂದೇ ಮಾತು. ಮಗುವನ್ನು ಯಾವ ಶಾಲೆಗೆ ಹಾಕುವುದು? ಸರ್ಕಾರಿ ಶಾಲೆಗೋ, ಕಾನ್ವೆಂಟಿಗೋ? ಉರ್ದುವೋ, ಕನ್ನಡವೋ, ಇಂಗ್ಲಿಷೋ? ಹಣವಿದ್ದವರು ಉತ್ತರ ಕಂಡುಕೊಳ್ಳುತ್ತಾರೆ. ಇಲ್ಲದವರು ಸಾಲ ಮಾಡುತ್ತಾರೆ, ಇಲ್ಲವೆ ಸುಮ್ಮನಾಗುತ್ತಾರೆ. ಈ ಮಾತಿನ ಹಿಂದೆ ಜಗತ್ತಿನಾದ್ಯಂತ ನಡೆದಿರುವ ಒಂದು ದೊಡ್ಡ ಚರ್ಚೆ ಇದೆ. ಅದು ನಮಗೂ ತಿಳಿದಿರಬೇಕು.

ಸರ್ಕಾರದ ಹಣ ಶಾಲೆಗೆ ಹೋಗಬೇಕೋ, ಮಗುವಿನ ಹಿಂದೆ ಹೋಗಬೇಕೋ? ಚರ್ಚೆಯ ತಿರುಳು ಇಷ್ಟೆ. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ ಒಂದು ಲೇಖನ ಬರೆದರು. ಪೋಷಕರ ಕೈಗೆ ಒಂದು ವೋಚರ್, ಅಂದರೆ ಶುಲ್ಕದ ಚೀಟಿ ಕೊಡಿ, ಅವರು ತಮಗೆ ಬೇಕಾದ ಶಾಲೆಗೆ ಅದನ್ನು ಕೊಡಲಿ, ಸರ್ಕಾರ ಆ ಶಾಲೆಗೆ ಹಣ ತೆರಲಿ ಎಂಬುದು ಅವರ ವಾದ. ಚಿಲಿ ದೇಶ 1981ರಲ್ಲಿ, ಸ್ವೀಡನ್ 1992ರಲ್ಲಿ ಇಂಥ ಪದ್ಧತಿಯನ್ನು ಜಾರಿಗೆ ತಂದವು. ಶಾಲೆಗಳ ನಡುವೆ ಪೈಪೋಟಿ ಬಂದರೆ ಗುಣಮಟ್ಟ ಏರುತ್ತದೆ ಎಂದು ಪರವಾದವರು ಹೇಳುತ್ತಾರೆ. ಜಾಣ ಮಕ್ಕಳೂ ಅನುಕೂಲಸ್ಥರೂ ಹೊರಟುಹೋಗಿ ಸರ್ಕಾರಿ ಶಾಲೆ ಬಡವಾಗುತ್ತದೆ ಎಂದು ವಿರೋಧಿಗಳು ಹೇಳುತ್ತಾರೆ.

ನಮ್ಮ ನೆರೆಯ ಆಂಧ್ರಪ್ರದೇಶದಲ್ಲೇ ಇದರ ಪರೀಕ್ಷೆ ನಡೆಯಿತು. 2008ರಿಂದ ನಾಲ್ಕು ವರ್ಷ, ಐದು ಜಿಲ್ಲೆಗಳ 180 ಹಳ್ಳಿಗಳಲ್ಲಿ ಲಾಟರಿ ಎತ್ತಿ ಬಡ ಮಕ್ಕಳಿಗೆ ವೋಚರ್ ಕೊಟ್ಟರು. ಕೊನೆಗೆ ತೆಲುಗು ಮತ್ತು ಗಣಿತದಲ್ಲಿ ಈ ಮಕ್ಕಳಿಗೂ ವೋಚರ್ ಸಿಗದ ಮಕ್ಕಳಿಗೂ ವ್ಯತ್ಯಾಸ ಕಾಣಲಿಲ್ಲ. ಹಿಂದಿಯಲ್ಲಿ ಮಾತ್ರ ಇವರು ಮುಂದಿದ್ದರು. ಆದರೆ ಆ ಖಾಸಗಿ ಶಾಲೆಗಳು ಒಂದು ಮಗುವಿಗೆ ಮಾಡಿದ ಖರ್ಚು ಸರ್ಕಾರಿ ಶಾಲೆಯ ಖರ್ಚಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಎರಡೂ ಕಡೆಯವರಿಗೆ ಇದರಲ್ಲಿ ಪಾಠವಿದೆ. ಖಾಸಗಿ ಎಂಬ ಹಲಗೆ ಕಂಡ ಮಾತ್ರಕ್ಕೆ ಮಗು ಹೆಚ್ಚು ಕಲಿಯುವುದಿಲ್ಲ. ಹಾಗೆಯೇ ಹೆಚ್ಚು ಖರ್ಚು ಮಾಡಿದ ಮಾತ್ರಕ್ಕೆ ಸರ್ಕಾರಿ ಶಾಲೆ ಚೆನ್ನಾಗಿ ಕಲಿಸುವುದೂ ಇಲ್ಲ.

ಕರ್ನಾಟಕದಲ್ಲಿ ವೋಚರ್ ಎಂಬ ಹೆಸರು ಇರಲಿಲ್ಲ, ಆದರೆ ಅದಕ್ಕೆ ಹತ್ತಿರದ್ದೊಂದು ಬಂತು. ಶಿಕ್ಷಣ ಹಕ್ಕು ಕಾಯ್ದೆ 1 ಏಪ್ರಿಲ್ 2010ರಂದು ಜಾರಿಯಾಯಿತು. ಅದರ ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶ ತರಗತಿಯ ಶೇ. 25ರಷ್ಟು ಸೀಟುಗಳನ್ನು ಬಡ ಹಾಗೂ ಹಿಂದುಳಿದ ವರ್ಗದ ಮಕ್ಕಳಿಗೆ ಉಚಿತವಾಗಿ ಕೊಡಬೇಕು, ಸರ್ಕಾರ ಶುಲ್ಕ ಮರುಪಾವತಿ ಮಾಡಬೇಕು. 2012ರಿಂದ ನಮ್ಮ ರಾಜ್ಯದಲ್ಲಿ ಇದು ನಡೆಯಿತು. ಕೂಲಿಕಾರರ ಮಗು, ಆಟೋ ಓಡಿಸುವವರ ಮಗು ಟೈ ಕಟ್ಟಿಕೊಂಡು ಶಾಲೆಗೆ ಹೋಗುವುದನ್ನು ನಾವೆಲ್ಲ ಕಂಡೆವು. ಆದರೆ ನಿಯಮದಲ್ಲಿ 'ನೆರೆಹೊರೆ' ಎಂಬ ಮಾತಿತ್ತು. ಹಳ್ಳಿಯಲ್ಲಾದರೆ ಕಂದಾಯ ಗ್ರಾಮ, ದೊಡ್ಡ ನಗರದಲ್ಲಾದರೆ ವಾರ್ಡ್. ಬೆಂಗಳೂರಿನ ಮಗುವಿಗೆ ವಾರ್ಡಿನೊಳಗೇ ನಾಲ್ಕಾರು ಶಾಲೆ ಸಿಕ್ಕವು. ಹಳ್ಳಿಯ ಮಗುವಿಗೆ ತಾಲ್ಲೂಕು ಕೇಂದ್ರದ ಶಾಲೆ ನೆರೆಹೊರೆಯಾಗಲಿಲ್ಲ. ಹಕ್ಕು ಕಾಗದದ ಮೇಲೆ ಸಮನಾಗಿತ್ತು, ನೆಲದ ಮೇಲೆ ಸಮನಾಗಿರಲಿಲ್ಲ.

ಮುಂದೆ ಆದದ್ದು ನಿಮಗೆ ಗೊತ್ತು. ಸರ್ಕಾರಿ ಶಾಲೆಗಳ ದಾಖಲಾತಿ ಕುಸಿಯುತ್ತಿದೆ, ಹಣ ಖಾಸಗಿಯವರಿಗೆ ಹೋಗುತ್ತಿದೆ ಎಂಬ ಕೂಗು ಎದ್ದಿತು. 2019ರ ದಾಖಲಾತಿಗೆ ಮೊದಲು ಸರ್ಕಾರ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲ ಎಂದಿತು. ರಾಜ್ಯದ ಹೈಕೋರ್ಟ್ ಅದೇ ವರ್ಷ ಅದನ್ನು ಎತ್ತಿಹಿಡಿಯಿತು. ಲಕ್ಷ ಮೀರಿದ್ದ ಸೀಟುಗಳು ಕೆಲವು ಸಾವಿರಕ್ಕೆ ಇಳಿದವು. ಮಹಾರಾಷ್ಟ್ರ ಇಂಥದೇ ನಿಯಮ ತಂದಾಗ ಬಾಂಬೆ ಹೈಕೋರ್ಟ್ ಜುಲೈ 2024ರಲ್ಲಿ ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟ್ ಮರುತಿಂಗಳು ಆ ತೀರ್ಪನ್ನು ಒಪ್ಪಿತು. ಒಂದೇ ಕಾಯ್ದೆ, ಎರಡು ರಾಜ್ಯ, ಎರಡು ನ್ಯಾಯ.

ಬಂಧುಗಳೆ, 6 ಮೇ 2014ರ ದಿನವನ್ನು ನೆನಪಿಡಿ. ಆ ದಿನ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎರಡು ತೀರ್ಪು ಕೊಟ್ಟಿತು. ಪ್ರಾಥಮಿಕ ತರಗತಿಯಲ್ಲಿ ಮಾಧ್ಯಮ ಯಾವುದಿರಬೇಕು ಎಂದು ಸರ್ಕಾರ ಹೇರುವಂತಿಲ್ಲ, ಅದನ್ನು ಆರಿಸುವವರು ಪೋಷಕರು ಎಂದಿತು ಒಂದು. ಅದು ನಮ್ಮ ಕರ್ನಾಟಕದ್ದೇ ಮೊಕದ್ದಮೆ. ಸಂವಿಧಾನದ 30ನೇ ವಿಧಿಯ ರಕ್ಷಣೆ ಇರುವ ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯವಾಗದು ಎಂದಿತು ಇನ್ನೊಂದು. ಈ ಎರಡನೆಯದನ್ನು ಮತ್ತೆ ಪರಿಶೀಲಿಸಬೇಕು ಎಂದು ಸೆಪ್ಟೆಂಬರ್ 2025ರಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ಅಭಿಪ್ರಾಯಪಟ್ಟಿತು.

ಈ ವಿನಾಯಿತಿ ನಮ್ಮ ಸಂಸ್ಥೆಗಳ ಸ್ವಾಯತ್ತತೆಯನ್ನು ಕಾಪಾಡಿದೆ, ನಿಜ. ಆದರೆ ನಮ್ಮ ಸಮುದಾಯದ ಹೆಸರಿನಲ್ಲಿ ನಡೆಯುವ ಶಾಲೆಯ ಬಾಗಿಲಲ್ಲಿ ನಮ್ಮದೇ ಬಡ ಮಗು ಶುಲ್ಕವಿಲ್ಲದೆ ನಿಂತರೆ ಆ ಸ್ವಾಯತ್ತತೆಯಿಂದ ಯಾರಿಗೆ ಏನು ಬಂತು? ಕಾನೂನು ಬಿಟ್ಟರೂ ಅಂತಃಕರಣ ಬಿಡಬಾರದು. ನಾಲ್ಕರಲ್ಲಿ ಒಂದು ಸೀಟನ್ನು ಯಾರ ಹೇಳಿಕೆಗೂ ಕಾಯದೆ, ಜಾತಿ ಧರ್ಮ ನೋಡದೆ ಬಡ ಮಗುವಿಗೆ ಕೊಡುವ ಶಾಲೆಯೇ ಸಮುದಾಯದ ಶಾಲೆ.

ಇನ್ನು ನಮ್ಮ ಸಂಘ ಮಾಡಬಹುದಾದ ಕೆಲಸ. 2006ರ ಸಾಚಾರ್ ಸಮಿತಿ ವರದಿಯ ಪ್ರಕಾರ ಶಾಲೆಗೆ ಹೋಗುವ ಮುಸ್ಲಿಂ ಮಕ್ಕಳಲ್ಲಿ ಮದ್ರಸದಲ್ಲಿ ಓದುವವರು ಸುಮಾರು ಶೇ. 4 ಮಾತ್ರ. ಉಳಿದವರೆಲ್ಲ ಓದುವುದು ಸರ್ಕಾರಿ, ಖಾಸಗಿ ಶಾಲೆಗಳಲ್ಲೇ. ಆದ್ದರಿಂದ ಊರಿನ ಸರ್ಕಾರಿ ಶಾಲೆ ಹಾಳಾದರೆ ಹಾಳಾಗುವುದು ನಮ್ಮ ಮಕ್ಕಳ ಓದು. ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಎಸ್‌ಡಿಎಂಸಿ ಸಭೆಗೆ ನಮ್ಮ ತಾಯಂದಿರು ಹೋಗಬೇಕು, ಮಾತಾಡಬೇಕು. ಶಿಕ್ಷಕರ ಹುದ್ದೆ ಖಾಲಿ ಇದೆಯೇ, ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯೇ ಎಂದು ಕೇಳಬೇಕು. ಇದಕ್ಕೆ ಯಾವ ವೋಚರೂ ಬೇಡ.

ಎರಡನೆಯದು, ಸಂಘದ ವಿದ್ಯಾರ್ಥಿವೇತನ. ಕೇಂದ್ರ ಸರ್ಕಾರ 1ರಿಂದ 8ನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವೇತನವನ್ನು 2022ರಲ್ಲಿ ನಿಲ್ಲಿಸಿತು. ಆ ಕೊರತೆ ಪೂರ್ತಿ ತುಂಬುವ ಶಕ್ತಿ ನಮಗಿಲ್ಲ. ಇರುವಷ್ಟನ್ನು ಎಲ್ಲಿ ಓದು ಮುರಿಯುತ್ತದೋ ಅಲ್ಲಿ ಕೊಡೋಣ. ಊರಿನ ಶಾಲೆ ಮುಗಿದು ದೂರದ ಪ್ರೌಢಶಾಲೆಗೆ, ಹತ್ತು ಮುಗಿದು ಪಿಯುಸಿಗೆ ಹೋಗಬೇಕಾದಾಗ ಹೆಣ್ಣುಮಗು ಮನೆಯಲ್ಲಿ ಉಳಿಯುತ್ತಾಳೆ. ಜೂನ್ 2023ರಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ಖರ್ಚಿಲ್ಲ. ಆದರೆ ಬೆಳಗಿನ ಬಸ್ಸು ಸಮಯಕ್ಕೆ ಬರದಿದ್ದರೆ ಟಿಕೆಟ್ ಉಚಿತವಾಗಿ ಏನು ಫಲ? ಡಿಪೋಗೆ ಅರ್ಜಿ ಬರೆಯುವುದೂ ಶಿಕ್ಷಣ ಸೇವೆಯೇ.

ಪ್ರೀತಿಯ ವಿದ್ಯಾರ್ಥಿಗಳೆ, ಆಯ್ಕೆ ಎಂಬುದು ಒಳ್ಳೆಯ ಮಾತು. ಆದರೆ ಆರಿಸಲು ಎರಡು ಒಳ್ಳೆಯ ಶಾಲೆಗಳು ಇರಬೇಕು, ಅಲ್ಲಿಗೆ ಹೋಗುವ ದಾರಿ ಇರಬೇಕು. ನಗರದವರಿಗೆ ಚೀಟಿ ಸಾಕಾಗಬಹುದು. ನಮ್ಮಂಥ ಹೋಬಳಿಗೆ ಮೊದಲು ಬೇಕಾದದ್ದು ಕಾಲ್ನಡಿಗೆಯ ದೂರದಲ್ಲಿ ಒಂದು ಒಳ್ಳೆಯ ಶಾಲೆ. ಅದನ್ನು ಕೇಳಿ ಪಡೆಯೋಣ, ಪಡೆದದ್ದನ್ನು ಕಾಯೋಣ.